ಲವ್‌ಡೇ ಕೇಳಿ ಹಾಕಿಸಿದ ಡ್ರಮ್

ಕಾರ್ನ್‌ವಾಲ್ ಕರಾವಳಿಯ ಪೋರ್ತ್‌ವೀನಿನಲ್ಲಿ ಲವ್‌ಡೇ ಟ್ರೆಗಿಯರ್‌ಳದು ಮೂವತ್ತು ವರ್ಷದಿಂದ ಒಂದೇ ಕಸುಬು. ನೀರಿಳಿದಾಗ, ಬಂಡೆಗೆ ಕಚ್ಚಿಕೊಂಡು ಪಾಚಿ ಮೇಯುವ ಚಿಪ್ಪುಜೀವಿಗಳನ್ನು ಚಾಕುವಿನಿಂದ ಮೀಟಿ ತೆಗೆದು, ಬುಟ್ಟಿ ತುಂಬಿ, ಹೋಟೆಲಿಗೂ, ಎರೆಗೆಂದು ಗಾಳ ಹಾಕುವವರಿಗೂ ಮಾರುವುದು. ಗಂಡ ಸಮುದ್ರದ ಪಾಲಾದ ಮೇಲೆ ಅವಳನ್ನು ಸಾಕಿದ್ದು ಆ ಬಂಡೆಗಳೇ.

ಸಾವಿರದ ಒಂಬೈನೂರ ಅರವತ್ತೇಳರ ಮಾರ್ಚಿನಲ್ಲಿ ತೈಲದ ಹಡಗೊಂದು ಒಡೆದು, ಕೊಲ್ಲಿಯ ತುಂಬ ಕರಿ ಜಿಡ್ಡು ಬಂದು ಬಿತ್ತು. ಸೈನಿಕರು ಲಾರಿಯಲ್ಲಿ ಜಿಡ್ಡು ತೊಳೆಯುವ ಮಾರ್ಜಕದ ಡ್ರಮ್ಮುಗಳನ್ನು ತಂದಿಳಿಸಿದರು. ಅವರ ಜೊತೆ ಕೂಲಿಗೆ ಸೇರಿದ್ದ ಅವಳ ತಮ್ಮ ಡೆನ್ಜಿಲ್ ಜಾಡಿಯೊಂದರಲ್ಲಿ ನೀರು, ಎಣ್ಣೆ ತುಂಬಿ ತೋರಿಸಿದ. ಎಣ್ಣೆ ಬೇರೆಯಾಗಿ ತೇಲುತ್ತಿತ್ತು. ನಾಲ್ಕು ಹನಿ ಮಾರ್ಜಕ ಬಿಟ್ಟು ಕುಲುಕಿದ್ದೇ ತಡ, ಎರಡೂ ಬೆರೆತು ಕಂದು ಹಾಲಿನಂತಾಯಿತು.

"ನೋಡಕ್ಕಾ, ಇಬ್ರ ಜಗಳಾನೇ ಮುಗ್ದೋಯ್ತು!"

"ಮತ್ತೆ ನನ್ನ ಬಂಡೆ ಕಡೆ ಯಾಕೋ ಬರ್ತಿಲ್ಲ ನಿಮ್ಮೋರು?"

"ಪ್ರವಾಸಿಗಳು ಬರೋ ಮರಳು ಮೊದ್ಲಂತೆ. ಆ ಮೂಲೇನ ಅಲೆನೇ ತೊಳ್ಯತ್ತೆ ಅಂದ್ರು ಸಾಹೇಬ್ರು."

"ಅಲೆ ತೊಳ್ಯೋ ಹೊತ್ಗೆ ನಾನು ಮಣ್ಣಲ್ಲಿರ್ತೀನಿ. ಒಂದು ಡ್ರಮ್ ಹಾಕ್ಸೋ. ಅಕ್ಕಂಗೆ ಇಷ್ಟೂ ಮಾಡಕ್ಕಾಗಲ್ವಾ?"

ಡೆನ್ಜಿಲ್ ಯಾರ್‍ಯಾರನ್ನೋ ಕಾಡಿ ಬೇಡಿ ಒಂದು ಡ್ರಮ್ ಉರುಳಿಸಿಕೊಂಡು ಬಂದ. ಕಣ್ಣುರಿಸುವ ಸೀಮೆಎಣ್ಣೆಯಂಥ ವಾಸನೆ. ಲವ್‌ಡೇ ತಾನೇ ಅದನ್ನು ಬಂಡೆಗೆ ಸುರಿದು, ಪೊರಕೆ ಹಿಡಿದು, ಸಂದಿಗೊಂದಿ ಬಿಡದೆ ಉಜ್ಜಿದಳು. ಸಂಜೆಗೆ ಬಂಡೆ ಫಳಫಳ ಹೊಳೆಯಿತು.

ಮೂರನೆಯ ದಿನ ಬುಟ್ಟಿ ಹಿಡಿದು ಹೋದಳು. ಮೊದಲ ಚಿಪ್ಪಿಗೆ ಬೆರಳು ತಾಗಿತಷ್ಟೇ, ಕಳಚಿ ಬಿತ್ತು. ಪಕ್ಕದ್ದೂ ಬಿತ್ತು. ಕೆಳಗಿನ ಹೊಂಡದಲ್ಲಿ ಸತ್ತ ಚಿಪ್ಪುಗಳು ರಾಶಿಬಿದ್ದು ನಾರುತ್ತಿದ್ದವು. ಡ್ರಮ್ ತಲುಪದ ಆಚೆಯ ಬಂಡೆಗೆ ಏರಿಹೋಗಿ ನೋಡಿದಳು. ಎಣ್ಣೆ ಮೆತ್ತಿದ ಆ ಕರಿಗಲ್ಲಿನ ಮೇಲೆ ಚಿಪ್ಪುಗಳು ಜೀವಂತವಾಗಿದ್ದವು. ಜಿಡ್ಡನ್ನೇ ಕೆರೆದು ಮೇಯುತ್ತಿದ್ದವು. ಖಾಲಿ ಬುಟ್ಟಿ ಹಿಡಿದು ಹಿಂದಿರುಗಿದಳು.

ವಿಷಯ ತಿಳಿದು ಡೆನ್ಜಿಲ್ ಓಡಿಬಂದ. "ನಂಗೊತ್ತಿರ್ಲಿಲ್ಲ ಅಕ್ಕಾ, ದೇವ್ರಾಣೆ."

"ನೀನ್ಯಾಕೋ ಅಳ್ತೀಯ? ಕೇಳ್ದೋಳು ನಾನು. ಉಜ್ಜಿದೋಳೂ ನಾನು."

ಅವಾದರೂ ಉಳಿಯಲಿ ಎಂದು ಆಚೆಯ ಬಂಡೆಯ ಚಿಪ್ಪುಗಳನ್ನು ಅವಳು ಮುಟ್ಟಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯಲು ಸೇರಿದಳು. ಮೇಯುವ ಚಿಪ್ಪುಗಳೇ ಇಲ್ಲದ ಬಂಡೆಗಳ ಮೇಲೆ ಆ ಬೇಸಿಗೆ ಪಾಚಿ ದಟ್ಟವಾಗಿ ಬೆಳೆಯಿತು. ಲಂಡನ್ನಿನಿಂದ ಬಂದಿಳಿದಿದ್ದ ಹೆಂಗಸೊಬ್ಬಳು ಅಡುಗೆಮನೆಗೆ ಇಣುಕಿ, ಕಿಟಕಿಯಾಚೆಯ ಬಂಡೆಗಳನ್ನು ನೋಡಿ, "ಎಷ್ಟು ಚೆಂದ ಹಸಿರಾಗಿದೆ ಅಲ್ವಾ?" ಎಂದಳು.

"ಹೌದಮ್ಮ, ಹಸಿರಾಗಿದೆ," ಎಂದಳು ಲವ್‌ಡೇ, ಕಿಟಕಿಯತ್ತ ತಿರುಗದೆ.