ಒಂದೇ ನದಿಯ ಇಬ್ಬರು

ಬರ್ಲಿನ್ನಿನಲ್ಲಿ ವಿಜ್ಞಾನಿಗಳನ್ನೂ ರಾಜತಾಂತ್ರಿಕರನ್ನೂ ಒಟ್ಟಿಗೆ ಕೂರಿಸಿರುವ ಸಭೆಯಿದು. ಕಾಫಿ ವಿರಾಮದಲ್ಲಿ ನಿಂತೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಪ್ರವಾಹ ಮುನ್ಸೂಚನೆಯ ಗೋಷ್ಠಿಯಲ್ಲಿ ಇಬ್ಬರು ಜಲವಿಜ್ಞಾನಿಗಳು ಮಾತಾಡಿದರು. ಆತ ನದಿ ಹುಟ್ಟುವ ದೇಶದವನು, ಆಕೆ ಅದು ಸಮುದ್ರ ಸೇರುವ ದೇಶದವಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಗದವರಿರಬೇಕು ಎಂದೆ.

"ಅಯ್ಯೋ ಇಲ್ಲಕ್ಕ, ಇಬ್ರೂ ಸ್ಟುಟ್‌ಗಾರ್ಟಲ್ಲಿ ಒಟ್ಟಿಗೆ ಪಿಎಚ್‌ಡಿ ಮಾಡಿದೋರು. ನಮ್ಮನೇಲಿ ಎಷ್ಟ್ ಸಲ ಬಿರಿಯಾನಿ ತಿಂದಿದಾರೆ," ಎಂದಳು ಸಲ್ಮಾ. ಮೈಸೂರಿನ ಈ ಎಂಜಿನಿಯರ್ ಈಗ ಸ್ಟುಟ್‌ಗಾರ್ಟಿನ ಫೊಯರ್‌ಬಾಕ್ ಬಡಾವಣೆಯಲ್ಲಿದ್ದಾಳೆ. ನೀರಿನ ಮಟ್ಟ ಅಳೆಯುವ ಸೆನ್ಸರುಗಳ ಬಗ್ಗೆ ಮಾತಾಡಲು ಬಂದವಳು. "ಗಡಿ ಗಲಾಟೆ ಆದ್ಮೇಲೆ ಡೇಟಾ ಶೇರ್ ಮಾಡೋದು ಬ್ಯಾನ್. ಮಾತಾಡಿದ್ರೂ ಕೆಲ್ಸ ಹೋಗುತ್ತೆ."

ಅಷ್ಟರಲ್ಲಿ ಆ ಜಲವಿಜ್ಞಾನಿ ನಮ್ಮ ಮೇಜಿಗೇ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಆತನೂ ಬಂದ. ಏನನ್ನೂ ಕೇಳದೆ ಆಕೆಯ ಕಾಫಿಗೆ ಎರಡು ಪೊಟ್ಟಣ ಸಕ್ಕರೆ ಸುರಿದು ಕಲಕಿದ.

"ಈ ಸಲದ ನೀರು ನಿಮ್ಮೂರಿಗೂ ನುಗ್ಗಿತಾ?" ಎಂದು ಕೇಳಿದ.

"ನುಗ್ಗಿತು. ಅಮ್ಮ ಉಳಿಯಲಿಲ್ಲ."

ಆತನ ಕೈ ನಿಂತಿತು. "ನಮಗೆ ಹಿಂದಿನ ದಿನವೇ ಗೊತ್ತಾಗಿತ್ತು," ಎಂದ.

ಅಷ್ಟರಲ್ಲಿ ಆತನ ದೇಶದ ಅಧಿಕಾರಿಯೊಬ್ಬರು ನಗುನಗುತ್ತಾ ಬಂದು ಹೆಗಲಿಗೆ ಕೈಹಾಕಿ ಕರೆದೊಯ್ದರು. ಆತ ತಿರುಗಿ ನೋಡಲಿಲ್ಲ. ಸಲ್ಮಾ ಆಕೆಯ ಬೆನ್ನು ಸವರಿದಳು.

"ಹಿಂದಿನ ದಿನ ಬೆಳಿಗ್ಗೆ ಗೊತ್ತಾಯಿತೋ ಸಂಜೆಯೋ ಅಂತ ಅವನನ್ನು ಕೇಳಬೇಕಿತ್ತು," ಎಂದಳು ಆಕೆ. "ಅಮ್ಮನಿಗೆ ನಡೆಯಲು ಆಗುತ್ತಿರಲಿಲ್ಲ. ಬೆಳಿಗ್ಗೆಯೇ ತಿಳಿದಿದ್ದರೆ ಎತ್ತಿಕೊಂಡು ಹೋಗುತ್ತಿದ್ದೆವು."