ಕಾಗದ ತೆಗೆಯದ ಕೌದಿ

ಹಗಲು ಹೊತ್ತು ಸುಮ್ಮನೆ ಮಲಗಿರುವುದು ದುಡಿಮೆಗಿಂತ ಹೆಚ್ಚಿನ ಆಯಾಸ ಅಂತ ನನಗೆ ಗೊತ್ತಾದದ್ದು ಮೂರನೆಯ ಬಸಿರಿನಲ್ಲಿ. ತಿಪಟೂರಿನ ಡಾಕ್ಟರಮ್ಮ ಕೊಡ ಎತ್ತಬೇಡಿ, ಒರಳ ಮುಂದೆ ಕೂರಬೇಡಿ, ಮಲಗಿರಿ ಎಂದು ಹೇಳಿ ಕಳಿಸಿದ್ದರು. ಮಲಗಿದೆ. ತಲೆಯ ಮೇಲೆ ಅಟ್ಟ. ಅಟ್ಟದ ತುಂಬ ವರ್ಷದ ಕಾಯಿ, ಕೊಬ್ಬರಿಯಾಗಲು ಕಾಯುತ್ತಾ ಬಿದ್ದಿದ್ದವು. ಹಲಗೆಗಳ ಸಂದಿಯಿಂದ ಆಗಾಗ ಒಂದಿಷ್ಟು ನಾರಿನ ಧೂಳು ನನ್ನ ಸೆರಗಿನ ಮೇಲೆ ಉದುರುತ್ತಿತ್ತು. ಹೊರಗೆ ಅಂಗಳದಲ್ಲಿ ಕಾಯಿ ಸುಲಿಯುವವರ ಮಾತು, ಒಳಗೆ ಅವರಿಗೆಲ್ಲ ಒಬ್ಬರೇ ಮುದ್ದೆ ತೊಳಸುತ್ತಿದ್ದ ಅತ್ತೆಯ ಏದುಸಿರು. ಎರಡನ್ನೂ ಕೇಳಿಸಿಕೊಂಡು ಮಲಗಿರಬೇಕಿತ್ತು.

ಮೊದಲನೆಯದು ಯಾರಿಗೂ ತಿಳಿಯುವ ಮುಂಚೆಯೇ ಹೋಗಿತ್ತು. ಎರಡನೆಯದು ಗಂಡು, ಹುಟ್ಟಿ ವಾರ ತುಂಬಲಿಲ್ಲ. ಆ ಮಗುವಿಗೆ ನಾನು ತಿಂಗಳುಗಟ್ಟಲೆ ಮುಂಚೆಯೇ ಬಟ್ಟೆ ಹೊಲಿದಿಟ್ಟಿದ್ದೆ. ಕಾನ್ವೆಂಟಿನಲ್ಲಿ ಕಲಿತ ಕೈ, ಸುಮ್ಮನಿರಲಿಲ್ಲ. ಲೇಸು ಹಚ್ಚಿದ ಟೋಪಿ, ನೆರಿಗೆ ಹಿಡಿದ ಜುಬ್ಬ, ಅಂಗೈಯಷ್ಟಗಲದ ಚಡ್ಡಿ. ನಮ್ಮ ಕಡೆ ಹುಟ್ಟುವ ಮುಂಚೆ ಮಗುವಿಗೆ ಒಂದು ದಾರದೆಳೆಯನ್ನೂ ಹೊಲಿಯುವುದಿಲ್ಲ, ಹೊಲಿದರೆ ಮಗುವಿಗೆ ಕೇಡು ಅನ್ನುತ್ತಾರೆ. ಹುಟ್ಟಿದ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸುತ್ತುತ್ತಾರೆ, ಅಷ್ಟೆ. ಬಾವಿಕಟ್ಟೆಯಲ್ಲಿ ಹೆಂಗಸರು ಏನು ಮಾತಾಡಿಕೊಂಡರು ಅನ್ನುವುದು ನನಗೆ ಬಂದು ಮುಟ್ಟಿತು. ಅತ್ತೆ ಮಾತ್ರ ಒಂದು ಮಾತೂ ಆಡಲಿಲ್ಲ. ಆ ಬಟ್ಟೆಗಳನ್ನೆಲ್ಲ ಮಡಿಸಿ ತಗಡಿನ ಟ್ರಂಕಿನಲ್ಲಿಟ್ಟು, ಟ್ರಂಕನ್ನು ಅಟ್ಟಕ್ಕೇರಿಸಿ ಕಾಯಿರಾಶಿಯ ಹಿಂದೆ ತಳ್ಳಿಸಿದರು. ಅಷ್ಟು ಸಾಕಾಗಿತ್ತು. ಅವತ್ತಿನಿಂದ ನಾನು ಸೂಜಿ ಮುಟ್ಟಿರಲಿಲ್ಲ.

ಮೂರನೆಯದರಲ್ಲಿ ನನಗೆ ಇದ್ದ ಕೆಲಸ ಒಂದೇ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮಿಸುಕಿತಾ, ಮಿಸುಕಲಿಲ್ಲವಾ ಎಂದು ನೋಡುವುದು. ಅತ್ತೆ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ ಹೇಳಿದರು, "ಅಟ್ಟದ ಕಾಯಿನ ದಿನಾ ಇಳಿಸಿ ಅಲ್ಲಾಡ್ಸಿ ನೋಡ್ತಾರೇನವ್ವ? ಅದರ ಪಾಡಿಗೆ ಅದ್ನ ಬುಡು."

ಬಿಡುವುದಕ್ಕೆ ಕೈಗೆ ಬೇರೆ ಏನಾದರೂ ಬೇಕಲ್ಲ. ಪಡಸಾಲೆಯ ಗೋಡೆಯಲ್ಲಿ ಒಂದು ಕೊಕ್ಕೆತಂತಿಗೆ ವರ್ಷಗಳ ಲಗ್ನಪತ್ರಿಕೆಗಳನ್ನು ಚುಚ್ಚಿಟ್ಟಿದ್ದರು. ಓದಲು ಬೇರೇನೂ ಇಲ್ಲದೆ ಅದನ್ನೇ ಇಳಿಸಿಕೊಂಡೆ. ಮೂಲೆಗೆ ಅರಿಶಿನ ಹಚ್ಚಿದ ಆ ಗಟ್ಟಿ ಕಾಗದ ಬೆರಳಿಗೆ ಸಿಕ್ಕಿದಾಗ ಸಿಸ್ಟರ್ ಒಬ್ಬರ ಹೊಲಿಗೆ ಕ್ಲಾಸು ನೆನಪಾಯಿತು. ಕಾಗದವನ್ನು ಆರು ಮೂಲೆಯಾಗಿ ಕತ್ತರಿಸಿ, ಅದರ ಮೇಲೆ ಬಟ್ಟೆ ಇಟ್ಟು, ಅಂಚು ಹಿಂದಕ್ಕೆ ಮಡಿಸಿ, ಆಮೇಲೆ ಬಿಚ್ಚುವಂಥ ಕಚ್ಚಾ ಹೊಲಿಗೆ ಹಾಕುವುದು. ಅಂಥವನ್ನು ಅಂಚಿಗೆ ಅಂಚು ಸೇರಿಸಿ ಸಣ್ಣ ಸಣ್ಣ ಹೊಲಿಗೆ. ಎಲ್ಲ ಕೂಡಿದ ಮೇಲೆ ಕಚ್ಚಾ ಬಿಚ್ಚಿ ಕಾಗದ ಎಳೆದು ತೆಗೆದರೆ ಕೌದಿ. ಕ್ಲಾಸಿನ ಗೋಡೆಯ ಮೇಲೆ ಯಾವುದೋ ವಿಲಾಯಿತಿ ಪತ್ರಿಕೆಯ ಹಾಳೆಯೊಂದಿತ್ತು. ಅದರಲ್ಲಿ ಮೂಲೆಗಳೇ ಇಲ್ಲ, ಬರೀ ಬಳುಕು, ಉರುಟು. ಅದನ್ನು ಕಲಿಸಿ ಎಂದು ಕೇಳಿದ್ದಕ್ಕೆ ಸಿಸ್ಟರ್ ನಕ್ಕು, ಅದಕ್ಕೆ ಕೈ ಪಳಗಿರಬೇಕು, ಪುರುಸೊತ್ತೂ ಇರಬೇಕು ಎಂದಿದ್ದರು. ಕೈ ಪಳಗಿರಲಿಲ್ಲ. ಪುರುಸೊತ್ತು ಈಗ ಬೇಡವೆಂದರೂ ಇತ್ತು.

ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆದೆ. ಒಂದು ಚೌಕ, ಅದರ ಒಂದು ಮೂಲೆಯಲ್ಲಿ ಕಾಲು ಭಾಗ ಉರುಟು. ಗೆರೆಯ ಮೇಲೆ ಕತ್ತರಿಸಿದರೆ ಎರಡು ತುಂಡು, ಒಂದಕ್ಕೆ ಹೊಟ್ಟೆ ಉಬ್ಬು, ಇನ್ನೊಂದಕ್ಕೆ ಅದೇ ಅಳತೆಯ ತಗ್ಗು. ಅಂಥ ನಾಲ್ಕು ಚೌಕ ಕೂಡಿದರೆ ನಡುವೆ ಪೂರ್ತಿ ಚಂದ್ರ. ಕಾಗದದಲ್ಲಿ ಎಷ್ಟು ಸಲೀಸು. ಬಟ್ಟೆ ಹೊದಿಸಲು ಹೋದರೆ ಉಬ್ಬಿನದು ಹೇಗೋ ಮಡಿಸಿಕೊಂಡಿತು, ತಗ್ಗಿನದು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಎಳೆದರೆ ಸುಕ್ಕು, ಬಿಟ್ಟರೆ ಅಂಚು ಎದ್ದು ನಿಲ್ಲುತ್ತಿತ್ತು. ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ, ಮಾವನವರ ಹಳೇ ಪಂಚೆಯ ಆ ತುಂಡು ಜಾಲರಿಯಾಯಿತು. ತಲೆದಿಂಬಿನ ಕೆಳಗೆ ತುರುಕಿ ಕಣ್ಣು ಮುಚ್ಚಿದೆ. ಇಷ್ಟೂ ನನ್ನಿಂದ ಆಗದೇ ಹೋಯಿತಲ್ಲ ಅನ್ನಿಸಿತು.

ಮರುದಿನ ಬಟ್ಟೆಗೆಂದು ನನ್ನದೇ ಒಂದು ಹಳೇ ರವಿಕೆ ಬಿಚ್ಚುತ್ತಿದ್ದೆ. ಕಂಕುಳ ಸುತ್ತಿನ ಹೊಲಿಗೆ ಬಿಚ್ಚಿದಾಗ ಒಳಗಿನ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಕತ್ತರಿ ಗುರುತು. ಅಷ್ಟು ವರ್ಷ ತೊಟ್ಟಿದ್ದರೂ ಕಂಡಿರಲಿಲ್ಲ. ತಗ್ಗಿನ ಅಂಚಿಗೆ ಹಾಗೇ ಕಚ್ಚು ಕೊಟ್ಟು ನೋಡಿದೆ. ಬಟ್ಟೆ ಬೆರಳುಗಳಂತೆ ಬಿಡಿಸಿಕೊಂಡು ತಾನೇ ಹಿಂದಕ್ಕೆ ಮಲಗಿತು. ಜೋಡಿಸುವಾಗಲೂ ತುದಿಯಿಂದ ಶುರುಮಾಡಬಾರದು, ಎರಡೂ ತುಂಡನ್ನು ಮಡಿಸಿ ನಡು ಗುರುತು ಮಾಡಿ, ನಡುವಿಗೆ ನಡು ಕೂಡಿಸಿ ಅಲ್ಲಿಂದ ಎರಡೂ ಕಡೆಗೆ ಹೊಲಿಯುತ್ತಾ ಹೋಗಬೇಕು ಎಂದು ಆಮೇಲೆ ತಿಳಿಯಿತು. ಕಾಗದವೂ ಬಳುಕಬೇಕು. ಸಾಹುಕಾರರ ಮನೆಯ ದಪ್ಪ ಪತ್ರಿಕೆಗಳೆಲ್ಲ ಬಗ್ಗಿಸಿದರೆ ಮುರಿದವು. ಬಡವರ ಮದುವೆಯ ತೆಳು ಹಳದಿ ಕಾಗದವೇ ಕೆಲಸಕ್ಕೆ ಬಂತು.

ಒಂದು ಮಧ್ಯಾಹ್ನ ಅತ್ತೆ ಮಜ್ಜಿಗೆ ತಂದವರು ನನ್ನ ಮಡಿಲನ್ನೇ ನೋಡುತ್ತಾ ನಿಂತುಬಿಟ್ಟರು. ನಾನು ಸೆರಗು ಎಳೆದುಕೊಂಡೆ. ಅದರಿಂದ ಏನೂ ಮುಚ್ಚಲಿಲ್ಲ.

"ಏನವ್ವ ಅದು?" ಎಂದರು.

"ಬಟ್ಟೆ ಅಲ್ಲ ಅತ್ತೆ. ಒಳಗೆ ಕಾಗದ ಇದೆ. ಅದನ್ನ ತೆಗೆಯೋ ತನಕ ಇದು ಏನೂ ಅಲ್ಲ."

ಅವರು ಕೆಳಗೆ ಕೂತು ಒಂದು ತುಂಡನ್ನು ತಿರುವಿ ಹಾಕಿದರು. ಹಿಂದೆ ಯಾರದೋ ಮದುವೆಯ ಮುಹೂರ್ತ, ಮೂಲೆಯಲ್ಲಿ ಅರಿಶಿನ. ಅದರ ಮೇಲೆ ಹೆಬ್ಬೆಟ್ಟು ಆಡಿಸಿದರು. ತುಂಬ ಹೊತ್ತಾಯಿತು. ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಒಲೆಗೆ ಹಾಕಿದರೂ ನಾನು ಏನೂ ಅನ್ನುತ್ತಿರಲಿಲ್ಲ. ಅಷ್ಟು ದಣಿದಿದ್ದೆ.

"ಹಂಗಾರೆ ಕಾಗ್ದ ತೆಗೀಬ್ಯಾಡ," ಎಂದರು. "ಕಾಗ್ದ ಇರೋಗಂಟ ಇದು ಕೌದಿ ಅಲ್ಲ. ಯಾರಾರ ಕೇಳುದ್ರೆ ನಾನ್ ಹೇಳ್ತೀನಿ, ನನ್ ಸೊಸೆ ಮದ್ವೆ ಕಾಗ್ದಕ್ಕೆ ಅಂಗಿ ತೊಡಿಸ್ತಾವ್ಳೆ ಅಂತ."

ಸಂಜೆ ಅವರದೇ ಒಂದು ಸೀರೆ ತಂದು ಹಾಸಿಗೆಯ ಮೇಲೆ ಹಾಕಿ ಹೋದರು. ಒಗೆದೂ ಒಗೆದೂ ನೀರಿನಷ್ಟು ಮೆತ್ತಗಾಗಿತ್ತು. ನನ್ನ ಚಂದ್ರಗಳೆಲ್ಲ ಆ ಬೂದುನೀಲಿ ಸೀರೆಯವು.

ದಿನ ತುಂಬುವ ಮುಂಚೆಯೇ ನೋವು ಬಂತು. ಕಿಬ್ಬನಹಳ್ಳಿಯಿಂದ ಬಾಡಿಗೆ ಕಾರು ತರಿಸಿ ತಿಪಟೂರಿಗೆ ಕರೆದೊಯ್ದರು. ಹೆಣ್ಣು, ಮೊಣಕೈಯುದ್ದ. ಅಳುವುದಕ್ಕೂ ಅದಕ್ಕೆ ಶಕ್ತಿಯಿರಲಿಲ್ಲ. ಬದುಕುತ್ತದೆ ಅಂತಲೂ ಡಾಕ್ಟರಮ್ಮ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಬೆಚ್ಚಗಿಡಿ, ಚಮಚದಲ್ಲಿ ಹಾಲು ಹಾಕಿ ಎಂದರು.

ಮನೆಗೆ ಬಂದ ದಿನ ಅತ್ತೆ ಆ ಹೊಲಿಗೆ ಕೇಳಿದರು. ಇನ್ನೂ ಕಾಗದ ತೆಗೆದಿಲ್ಲ, ಕೆಳಪದರದ ಬಟ್ಟೆಯೂ ಕೊಟ್ಟಿಲ್ಲ ಎಂದೆ. ಅವಸರ ಇಲ್ಲ, ಹಂಗೇ ಇರಲಿ ಎಂದು ಚಾಪೆಯ ಮೇಲೆ ಹಾಸಿ, ಮೇಲೊಂದು ರಬ್ಬರ್ ಶೀಟು, ಅದರ ಮೇಲೆ ಹಳೇ ಪಂಚೆ ಹಾಸಿ ಮಗುವನ್ನು ಮಲಗಿಸಿದರು.

ಆಗಲೇ ಆ ಸದ್ದು ಕೇಳಿದ್ದು. ಮಗು ಕಾಲು ಅಲ್ಲಾಡಿಸಿದರೆ ಸಾಕು, ಅಡಿಯಲ್ಲಿ ಒಣಗಿದ ಎಲೆ ತುಳಿದಂತೆ ಸರಸರ. ಬಾಣಂತಿ ಕೋಣೆ ಕತ್ತಲು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನಾನು ಕಿವಿಯಲ್ಲೇ ಮಗು ಸಾಕಿದೆ. ಕಣ್ಣು ಎಳೆಯುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಸರಸರ ಕೇಳಿದರೆ ಒಂದು ಉಸಿರು ಬಿಡುತ್ತಿದ್ದೆ, ಮುಂದಿನದಕ್ಕೆ ಮತ್ತೆ ಬಿಗಿಹಿಡಿಯುತ್ತಿದ್ದೆ. ಅಡುಗೆಮನೆಯಲ್ಲೂ ಆಗಾಗ ಬೀಸುವ ಕಲ್ಲು ನಿಲ್ಲುತ್ತಿತ್ತು. ಅತ್ತೆಯೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ತಿಳಿದದ್ದು ಎಷ್ಟೋ ದಿನ ಕಳೆದ ಮೇಲೆ. ಸದ್ದಾದ ಮೇಲೆ ಕಲ್ಲು ಮತ್ತೆ ತಿರುಗುತ್ತಿತ್ತು.

ಹೀಗೇ ತಿಂಗಳುಗಳು ಹೋದವು. ಕಾಗದದ ಮಡಿಕೆಗಳು ಮುರಿದು, ಸರಸರ ಅನ್ನುತ್ತಿದ್ದದ್ದು ಪಿಸುಗುಟ್ಟುವಷ್ಟಕ್ಕೆ ಇಳಿದಿತ್ತು. ಒಂದು ಬೆಳಿಗ್ಗೆ ಎಣ್ಣೆನೀರು ಹಾಕಿಸಿಕೊಂಡು ಬಂದು ಮಗುವಿನ ಪಕ್ಕ ಒರಗಿದವಳಿಗೆ ಜೊಂಪು ಹತ್ತಿಬಿಟ್ಟಿದೆ. ಎಚ್ಚರಾದಾಗ ಮನೆ ನಿಶ್ಶಬ್ದ. ಕಾದೆ. ಏನೂ ಇಲ್ಲ. ಇನ್ನೂ ಕಾದೆ. ಅಡುಗೆಮನೆಯ ಕಲ್ಲೂ ನಿಂತಿತ್ತು. ತಿರುಗಿ ನೋಡುವುದಕ್ಕೆ ನನ್ನ ಕತ್ತು ಒಪ್ಪಲಿಲ್ಲ. ಕೈ ಚಾಚಿ ಕೌದಿಯನ್ನು ಮುಟ್ಟಿದೆ. ಬರೀ ಬಟ್ಟೆ ಸಿಕ್ಕಿತು.

ಅತ್ತೆ ಹಿಟ್ಟಿನ ಕೈಯಲ್ಲೇ ಒಳಗೆ ಬಂದು ಕಿಟಕಿಯ ಬಾಗಿಲು ತೆಗೆದರು. ಮಗು ಮಗುಚಿಕೊಂಡು, ಉರುಳಿ, ಕೌದಿಯಾಚೆ ಬರೀ ಚಾಪೆಯ ಮೇಲೆ ಬೋರಲು ಬಿದ್ದಿತ್ತು. ತಲೆಯೆತ್ತಿ, ಅತ್ತೆಯ ಸೀರೆಯ ಚಂದ್ರವೊಂದರ ಅಂಚನ್ನು ಬಾಯಿಗೆ ತುರುಕಿಕೊಂಡು ಚೀಪುತ್ತಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿತು.

ಅತ್ತೆ ಅಲ್ಲೇ ಕಿಟಕಿಯ ಕೆಳಗೆ ಕುಸಿದು ಕೂತರು. ನಾನು ಮಗುವಿನ ಬಾಯಿಂದ ಆ ಅಂಚನ್ನು ಬಿಡಿಸಿದೆ.

"ಇನ್ ಕಾಗ್ದ ತೆಗಿ ಕಣವ್ವ," ಎಂದರು ಆಮೇಲೆ. "ಬಾಯಿಗೆ ಹಾಕ್ಕಂಡಾತು."

ಮಧ್ಯಾಹ್ನ ಇಬ್ಬರೂ ಕೂತು ಕಚ್ಚಾ ಬಿಚ್ಚಿದೆವು. ಎಳೆದಷ್ಟೂ ಯಾರ್ಯಾರದೋ ಮದುವೆಗಳು ಚೂರುಚೂರಾಗಿ ಹೊರಬಂದವು. ಕೊನೆಯ ಕಾಗದ ಬಂದಾಗ ಕೌದಿ ನನ್ನ ಮಡಿಲಲ್ಲಿ ಸೋತವರ ಹಾಗೆ ಜೋತುಬಿತ್ತು. ಉರುಟುಗಳು ನೋಡಿದರೆ ಒಂದೂ ನೆಟ್ಟಗಿರಲಿಲ್ಲ. ಅದನ್ನು ಮಗುವಿಗೆ ಹಾಸಿ, ನಾನೂ ಒಂದು ಅಂಚಿಗೆ ತಲೆಯಿಟ್ಟೆ. ಸದ್ದಿಲ್ಲದ ಬಟ್ಟೆಯ ಮೇಲೆ ಮಗು ಅಲ್ಲಾಡಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನಿದ್ದೆ ಬಂದಿತ್ತು.