ನಡುವಿನ ಹೆಸರು

ಮುಂಡಗೋಡ ತಾಲ್ಲೂಕಿನ ಇಂದೂರಿನ ನಮ್ಮ ಮನೆತನದಲ್ಲಿ ತೀರಿಹೋದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡಲೇಬೇಕು. ಆ ಅಜ್ಜನಿಗೆ ಗಂಡುಮಕ್ಕಳು ಇಬ್ಬರಿದ್ದರೆ ಇಬ್ಬರೂ ತಮ್ಮ ತಮ್ಮ ಮಗನಿಗೆ ಇಡುತ್ತಾರೆ, ಯಾರೂ ಬಿಟ್ಟುಕೊಡುವುದಿಲ್ಲ. ಹೀಗಾಗಿ ನನ್ನ ಅಜ್ಜನಿಗೂ ಅವನ ಚಿಕ್ಕಪ್ಪನ ಮಗನಿಗೂ ಒಂದೇ ಹೆಸರು, ಒಂದೇ ಅಡ್ಡಹೆಸರು. ಊರವರು ಮೇಲಿನ ಮನೆಯವ, ಕೆಳಗಿನ ಮನೆಯವ ಎಂದು ಗುರುತಿಸುತ್ತಿದ್ದರು. ಕಾಗದದಲ್ಲಿ ಅವರನ್ನು ಬೇರೆ ಮಾಡುವುದು ನಡುವೆ ಬರುವ ಅಪ್ಪನ ಹೆಸರೊಂದೇ.

ಇಬ್ಬರಲ್ಲಿ ಒಬ್ಬ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವನು. ಅದು ಮೇಲಿನ ಮನೆಯ ನನ್ನಜ್ಜ ಎಂದು ಅಪ್ಪ ಹೇಳಿದ್ದನ್ನೇ ನಂಬಿ ಬೆಳೆದೆ. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಮುಂದಿನ ಸಾಲು ನನಗೇ. ಕೆಳಗಿನ ಮನೆಯ ಅಜ್ಜನ ಮೊಮ್ಮಗಳು, ನನಗೆ ವರಸೆಯಲ್ಲಿ ಅಕ್ಕ, "ಜೈಲಿಗೆ ಹೋದಾಂವ ನಮ್ಮಜ್ಜ" ಎಂದಾಗಲೆಲ್ಲ ನಗುತ್ತಿದ್ದೆ.

ಹೋದ ವರ್ಷ ಶಾಲೆಯ ಮುಂದೆ ಹೋರಾಟಗಾರರ ಹೆಸರಿನ ಕಲ್ಲು ನಿಲ್ಲಿಸುವುದೆಂದಾಯಿತು. ಮುಂಡಗೋಡದಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೇ ಪಟ್ಟಿಯ ಕೆಲಸ ಬಂತು. ಜೈಲಿನ ಹಳೆಯ ದಾಖಲೆಯ ಪ್ರತಿ ತರಿಸಿ ನೋಡಿದೆ. ನಡುವಿನ ಹೆಸರು ಕೆಳಗಿನ ಮನೆಯದು.

ಅಪ್ಪನ ಮುಂದೆ ಕಾಗದ ಹಿಡಿದೆ. ಎಲೆಗೆ ಸುಣ್ಣ ಹಚ್ಚುತ್ತಲೇ, "ನನಗ ಮದಲಿಂದ ಗೊತ್ತೈತಿ. ಅವರು ಅದನ್ನ ತಗೊಂಡು ಏನ್ ಮಾಡೂದೈತಿ?" ಎಂದ.

ಮೈಯೆಲ್ಲ ಉರಿಯಿತು. ನನ್ನ ಕೂದಲು ಹಣ್ಣಾಗುವ ತನಕ ಈ ಮನುಷ್ಯ ನನ್ನನ್ನು ಕುಣಿಸಿದ್ದ! ಅವತ್ತೇ ಅಕ್ಕನ ಮನೆಗೆ ಹೋಗಿ ತಪ್ಪಾಯಿತೆಂದೆ. ನಡುವಿನ ಹೆಸರು ಬಿಡದೆ ಕೆತ್ತಿಸುತ್ತೇನೆಂದು ಮಾತು ಕೊಟ್ಟೆ. "ನಿನ್ನ ಬಾಯಿಂದ ಕೇಳಿದ್ನಲ್ಲೋ ತಮ್ಮಾ, ಸಾಕು" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಮಾರಂಭದ ದಿನ ಕಲ್ಲಿನ ಮೇಲಿನ ಬಟ್ಟೆ ಸರಿಸಿದರು. ಉಳಿದವರಿಗೆಲ್ಲ ಮೂರು ಮೂರು ಹೆಸರು; ಕೆಳಗಿನ ಮನೆಯ ಅಜ್ಜನ ಸಾಲಿನಲ್ಲಿ ಮಾತ್ರ ನಡುವಿನದೇ ಇಲ್ಲ. ಕೆತ್ತಿದವನನ್ನು ಪಕ್ಕಕ್ಕೆಳೆದು ಕೇಳಿದೆ.

"ನಿಮ್ಮ ಅಪ್ಪಾರು ಬಂದು ಬ್ಯಾಡ ಅಂದ್ರಲ್ರೀ ಸರ. ನೀವ ಹೇಳಿ ಕಳಿಸೀರಿ ಅಂದ್ರು."

ಅಷ್ಟರಲ್ಲಿ 'ಹೋರಾಟಗಾರರ ಮಗ' ಎಂದು ಅಪ್ಪನನ್ನು ವೇದಿಕೆಗೆ ಕರೆದರು. ಕೋಲು ಬದಿಗಿಟ್ಟು ಹಾರಕ್ಕೆ ಕುತ್ತಿಗೆ ಬಗ್ಗಿಸಿದ. ಮೈಕು ಕಸಿದುಕೊಳ್ಳಬೇಕೆನಿಸಿತು. ಆದರೆ ಎಂಬತ್ತೆಂಟರ ಅಪ್ಪನನ್ನು ಊರ ಮುಂದೆ ಸುಳ್ಳ ಎನ್ನುವ ಎದೆಗಾರಿಕೆ ನನಗಿರಲಿಲ್ಲ. ಅಕ್ಕ ಅವನ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದಳು.

ಸಂಜೆ ಅವಳ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಹೊಸ್ತಿಲ ಒಳಗೇ ನಿಂತು ಕೇಳಿಸಿಕೊಂಡಳು.

"ನಿಮ್ಮಪ್ಪ ನನಗ ಯಾವತ್ತೂ ಮಾತು ಕೊಟ್ಟಿದ್ದಿಲ್ಲ. ಕೊಟ್ಟಾಂವ ನೀ" ಎಂದು ಬಾಗಿಲು ಮುಂದಕ್ಕೆ ಹಾಕಿಕೊಂಡಳು.